ನಡುವಿನವನನ್ನು ಹುಡುಕಿ ಹೊರಟ ಚೆಟ್ ದುಡೆಕ್

ಚೆಟ್ ದುಡೆಕ್ ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ, ಕಣ್ಣಾರೆ ಕಾಣದ ಯಾವ ವಸ್ತುವಿಗೂ ಕಾಸು ಬಿಚ್ಚಿದವನಲ್ಲ. ಹಳೆಯ ಟ್ರಕ್ಕೊಂದನ್ನು ಕೊಳ್ಳುವಾಗ ಎರಡು ಗಂಟೆ ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದ್ದ. ಮೂರನೆಯ ವಾರವೇ ಅದರ ಗೇರು ಪೆಟ್ಟಿಗೆ ಹೆದ್ದಾರಿಯ ನಟ್ಟನಡುವೆ ಕಳಚಿ ಬಿತ್ತು, ಆ ಮಾತು ಬೇರೆ. ನೋಡಿ ಮೋಸಹೋಗುವುದಕ್ಕೂ ನೋಡದೆ ಮೋಸಹೋಗುವುದಕ್ಕೂ ಅಜಗಜಾಂತರವಿದೆ ಎಂಬುದು ಅವನ ಸಿದ್ಧಾಂತ.

ಇಂಥವನ ಮುಂದೆ ಮಗಳು ಟೆಸ್ ಒಂದು ಡಿಗ್ರಿಯನ್ನು ತಂದಿಟ್ಟಳು. ಟ್ರಕ್ಕಿನ ಕೆಳಗಾದರೆ ಮಲಗಬಹುದು. ಡಿಗ್ರಿಯ ಕೆಳಗೆ ಮಲಗುವುದು ಹೇಗೆ?

ಟೆಸ್‌ಗೆ ಹದಿನೆಂಟು. ನಾಲ್ಕು ವರ್ಷದ ಆರ್ಕಿಟೆಕ್ಚರಲ್ ಟೆಕ್ನಾಲಜಿ ಪದವಿಗೆ ಅವಳಿಗೆ ಸೀಟು ಸಿಕ್ಕಿತ್ತು. ಸಾಲದ ಕಾಗದ ಫ್ರಿಜ್ಜಿನ ಬಾಗಿಲ ಮೇಲೆ ಒಂದು ತಗಡಿನ ಹುಂಜದ ಕಾಲಡಿ ನೇತಾಡುತ್ತಿತ್ತು. ಮೇ ಒಂದನೆಯ ತಾರೀಖಿನೊಳಗೆ ಅಪ್ಪನ ಜಾಮೀನು ಸಹಿ ಬೀಳದಿದ್ದರೆ ಸೀಟು ಬೇರೆಯವರ ಪಾಲು.

"ಹಾಗಾದ್ರೆ ನೀನು ಆರ್ಕಿಟೆಕ್ಟ್ ಆಗ್ತೀಯ," ಅಂದ ಚೆಟ್.

"ಅಲ್ಲ ಅಪ್ಪಾ. ಆರ್ಕಿಟೆಕ್ಟ್ ಕಟ್ಟಡದ ಕನಸು ಕಾಣ್ತಾನೆ. ಆ ಕನಸು ಸೋರದ ಹಾಗೆ, ಯಾರ ತಲೆ ಮೇಲೂ ಬೀಳದ ಹಾಗೆ, ಯಾವ ತೊಲೆ ಎಷ್ಟು ದಪ್ಪ, ಯಾವ ಬೋಲ್ಟು ಎಲ್ಲಿ ಅಂತ ಲೆಕ್ಕ ಹಾಕಿ ನಕ್ಷೆ ಬರೆಯೋರು ನಾವು."

"ಸಂಬಳ ಯಾರಿಗೆ ಜಾಸ್ತಿ? ಕನಸು ಕಾಣೋನಿಗೋ, ಸೋರದ ಹಾಗೆ ನೋಡ್ಕೊಳ್ಳೋನಿಗೋ?"

ಟೆಸ್ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ನಾಲ್ಕು ವರ್ಷದ ಸಾಲ ನಲವತ್ತೊಂದು ಸಾವಿರದ ಆರುನೂರು ಡಾಲರು. ಓದು ಮುಗಿದ ಐದು ವರ್ಷಕ್ಕೆ ನಡುವಿನ ಸಂಬಳ ಐವತ್ತಾರು ಸಾವಿರದ ಮುನ್ನೂರು. ಚೆಟ್ ಎರಡೂ ಅಂಕಿಗಳನ್ನು, ಚರ್ಚಿನ ಬಣ್ಣದ ಗಾಜನ್ನು ನೋಡುವವನಂತೆ, ಕತ್ತೆತ್ತಿ ನೋಡಿದ. ಚಳಿಗಾಲವಿಡೀ ಟೌನಿನ ಹಿಮ ಗುಡಿಸುವ ಲಾರಿ ಓಡಿಸುವವನಿಗೆ ಅಷ್ಟು ದೊಡ್ಡ ರಾಶಿಯೆಂದರೆ ರಸ್ತೆಯ ಮೇಲಿನ ಹಿಮ ಮಾತ್ರ ಗೊತ್ತಿತ್ತು.

"ನಡುವಿನ ಸಂಬಳ ಅಂದ್ರೆ?"

"ಓದಿ ಹೊರಗೆ ಬಂದೋರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ, ಸರಿಯಾಗಿ ನಡುವೆ ನಿಂತಿರ್ತಾನಲ್ಲ, ಅವನ ಸಂಬಳ."

"ಯಾರವನು?"

"ಅಪ್ಪಾ, ಅದೊಂದು ಲೆಕ್ಕ ಅಷ್ಟೆ."

"ಲೆಕ್ಕಕ್ಕೆ ಸಂಬಳ ಯಾರು ಕೊಡ್ತಾರೆ? ನಡುವೆ ಒಬ್ಬ ನಿಂತಿದಾನೆ ಅಂದ್ಮೇಲೆ ಅವನಿಗೊಂದು ಹೆಸರಿರುತ್ತೆ, ಒಂದು ಮನೆ ಇರುತ್ತೆ. ನಾನು ಅವನನ್ನ ನೋಡಬೇಕು. ನೋಡಿದ ಮೇಲೇ ಸಹಿ."

ಒಲೆಯ ಬಳಿ ನಿಂತಿದ್ದ ಹೆಂಡತಿ ಡಾನಾ ತಿರುಗದೆಯೇ ಹೇಳಿದಳು: "ಸಿಕ್ಕಿದ್ರೆ ಊಟಕ್ಕೆ ಕರ್ಕೊಂಡು ಬಾ."

ಹೀಗೆ ನಡುವಿನವನ ಹುಡುಕಾಟ ಆರಂಭವಾಯಿತು.

ಬಫಲೋ ನಗರದ ಮಗ್ಗುಲಿನ ಆ ಊರಿನಲ್ಲಿ ನೀವು ಒಬ್ಬನ ಮೂತ್ರಕೋಶದ ಕಲ್ಲಿನ ಗಾತ್ರ ಕೇಳಬಹುದು, ಅವನು ಜೇಬಿನಿಂದ ತೆಗೆದು ತೋರಿಸುತ್ತಾನೆ. ಅವನ ಮೊದಲ ಹೆಂಡತಿ ಯಾಕೆ ಬಿಟ್ಟು ಹೋದಳೆಂದು ಕೇಳಬಹುದು, ಎರಡನೆಯವಳ ಎದುರಿಗೇ ಹೇಳುತ್ತಾನೆ. ಸಂಬಳ ಮಾತ್ರ ಕೇಳುವ ಹಾಗಿಲ್ಲ. ಅಣ್ಣನದು ತಮ್ಮನಿಗೆ ಗೊತ್ತಿರುವುದಿಲ್ಲ. ಚೆಟ್ ಮೊದಲ ವಾರವೇ ಹಲ್ಲಿನ ಡಾಕ್ಟರ ಮಹಡಿಯ ಮೇಲಿದ್ದ ಆರ್ಕಿಟೆಕ್ಟ್ ಕಚೇರಿಗೆ ಹೋಗಿ, ಅಲ್ಲಿ ನಕ್ಷೆ ಬರೆಯುತ್ತಿದ್ದ ಸೌಮ್ಯ ಸ್ವಭಾವದ ಮನುಷ್ಯನ ಹೆಗಲ ಮೇಲೆ ಕೈಯಿಟ್ಟು, "ವರ್ಷಕ್ಕೆ ಎಷ್ಟು ಬರುತ್ತೆ?" ಎಂದು ಕೇಳಿದ. ಆ ಸೌಮ್ಯ ಮನುಷ್ಯ ಎದ್ದು ಹೋಗಿ ಬಾಗಿಲು ತೆರೆದು ಹಿಡಿದ. ಟೌನಿನ ಕಟ್ಟಡ ಇಲಾಖೆಯ ಇನ್‌ಸ್ಪೆಕ್ಟರ್ ಗ್ಯಾರಿ ಫೆನ್ ಅಷ್ಟೂ ಮಾಡಲಿಲ್ಲ. ಕನ್ನಡಕದ ಮೇಲಿನಿಂದ ಒಂದು ನಿಮಿಷ ನೋಡಿ, "ನಿಮಗೆ ಆರೋಗ್ಯ ತಾನೆ, ದುಡೆಕ್?" ಎಂದು ಕೇಳಿ ಮತ್ತೆ ಕಾಗದಕ್ಕೆ ಮುಖ ಹಾಕಿದ.

ಸಂಬಳ ಕೇಳುವಂತಿಲ್ಲ, ಸರಿ, ಕೆಲಸ ಎಷ್ಟಿದೆ ಎಂದು ಎಣಿಸುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಊರಿನಲ್ಲಿ ಮುರುಕು ಮಾಡು ಎಷ್ಟು, ವಾಲಿದ ಗ್ಯಾರೇಜು ಎಷ್ಟು, ಹಿತ್ತಲ ಬಾಗಿಲಿಗೆ ಅಂಟಿಸಿ ಕಟ್ಟುವ ಮರದ ಜಗಲಿಗಳೆಷ್ಟು? ಅಷ್ಟಕ್ಕೂ ಎಂದೋ ಒಂದು ದಿನ ನಕ್ಷೆ ಬೇಕಲ್ಲವೆ? ಮಾರ್ಚ್ ತಿಂಗಳ ಒಂದು ಶನಿವಾರ ಚೆಟ್ ಅಳತೆ ಟೇಪು ಸೊಂಟಕ್ಕೆ ಸಿಕ್ಕಿಸಿ, ಕ್ಲಿಪ್ಪಿನ ರಟ್ಟಿಗೆ ಕಾಗದ ಹಚ್ಚಿ, ಮೊಣಕಾಲುದ್ದದ ಹಿಮದಲ್ಲಿ ಹೊರಟ. ಚಳಿ ಇತ್ತಾದ್ದರಿಂದ, ಬೆನ್ನ ಮೇಲೆ ಟೌನಿನ ಮುದ್ರೆ ಇದ್ದ ಕೆಲಸದ ಕಿತ್ತಳೆ ಕೋಟನ್ನೇ ಹಾಕಿಕೊಂಡ. ಅಲ್ಲಿಗೆ ಅವನ ಗ್ರಹಚಾರ ಪೂರ್ಣವಾಯಿತು.

ಪಕ್ಕದ ಮನೆಯ ನಾರ್ಬ್, ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾಗಿ ಕಿಟಕಿಯ ಕಾರ್ಖಾನೆಗೆ ಸೇರಿದವನು. ಅಂದರೆ ಇಡೀ ದಿನ ಕಿಟಕಿಯಲ್ಲೇ ಇರುತ್ತಿದ್ದ. ತನ್ನ ಜಗಲಿಯ ಮುಂದೆ ನಿಂತು ಏನೋ ಗೀಚಿಕೊಳ್ಳುತ್ತಿದ್ದ ಚೆಟ್‌ನನ್ನು ನೋಡಿ ಚಪ್ಪಲಿಯಲ್ಲೇ ಹಿಮಕ್ಕಿಳಿದ.

"ಲೋ ಚೆಟ್! ಏನೋ ಅದು ಬರ್ಕೊಳ್ತಿರೋದು?"

ಚೆಟ್ ನಿಜ ಹೇಳಬಹುದಿತ್ತು. ಆದರೆ ಹದಿನೈದು ದಿನದ ಹಿಂದಷ್ಟೇ ಕ್ಲಬ್ಬಿನಲ್ಲಿ ಇದೇ ನಾರ್ಬ್‌ನ ಬೆನ್ನು ತಟ್ಟಿ, "ಮಗಳ ಓದಿನ ಖರ್ಚಾ? ಅದೂ ಒಂದು ಖರ್ಚೇನೋ!" ಎಂದು ಬಿಯರು ಕೊಡಿಸಿದ್ದ. ಈಗ, ಸಾಲಕ್ಕೆ ಹೆದರಿ ಊರಿನ ಮಾಡು ಎಣಿಸುತ್ತಿದ್ದೇನೆಂದು ಹೇಳುವುದು ಹೇಗೆ?

"ಟೌನಿನ ಕೆಲಸ," ಅಂದ. ಅಷ್ಟೇ ಹೇಳಿದ್ದರೂ ಸಾಕಿತ್ತು. ಆದರೆ ಸುಳ್ಳು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. "ಜಾಸ್ತಿ ಹೇಳೋ ಹಾಗಿಲ್ಲ, ನಾರ್ಬ್."

ನಾರ್ಬ್ ಮೆಲ್ಲಗೆ ತನ್ನ ಜಗಲಿಯ ಕಡೆ ನೋಡಿದ. ಹಿಂದಿನ ಬೇಸಗೆಯಲ್ಲಿ ಇಬ್ಬರು ಭಾವಮೈದುನರೂ ನಾಲ್ಕು ಕೇಸು ಬಿಯರೂ ಸೇರಿ ಕಟ್ಟಿದ್ದ ಜಗಲಿ ಅದು. ಪರವಾನಗಿ ಎಂಬ ಪದ ಅದರ ಹತ್ತಿರ ಸುಳಿದಿರಲಿಲ್ಲ. ಅಷ್ಟೇ ಏಕೆ, ಆ ಊರಿನಲ್ಲಿ ಪರವಾನಗಿ ಪಡೆದು ಜಗಲಿ ಕಟ್ಟಿದವನೆಂದರೆ ಜನ ಅವನ ತಲೆ ಸರಿಯಿಲ್ಲವೇನೋ ಎಂದು ನೋಡುತ್ತಿದ್ದರು. ಪರವಾನಗಿ ಕೇಳಿದರೆ ಟೌನಿಗೆ ಗೊತ್ತಾಗುತ್ತದೆ; ಗೊತ್ತಾದರೆ ಮನೆಯ ಬೆಲೆ ಏರುತ್ತದೆ; ಬೆಲೆ ಏರಿದರೆ ಕಂದಾಯ ಏರುತ್ತದೆ. ಈ ಮೂರು ಮೆಟ್ಟಿಲಿನ ಸತ್ಯವನ್ನು ಅಲ್ಲಿ ಮಕ್ಕಳು ಪ್ರಾರ್ಥನೆಗಿಂತ ಮೊದಲು ಕಲಿಯುತ್ತಾರೆ.

"ಜಗಲಿ ಎಣಿಸ್ತಿದೀಯ," ಅಂದ ನಾರ್ಬ್, ಸಣ್ಣ ದನಿಯಲ್ಲಿ.

"ಇಪ್ಪತ್ತೆಂಟಾಯ್ತು ಈ ಬೀದೀಲಿ," ಅಂದ ಚೆಟ್ ಸಂತೋಷದಿಂದ. "ಇನ್ನೂ ಊರೆಲ್ಲ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿಕೊಳ್ಳುವುದು ಗಾದೆ. ಇಲ್ಲಿ ಇಡೀ ಊರೇ ಹೆಗಲು ಮುಟ್ಟಿಕೊಂಡಿತು.

ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳು. ಶುಕ್ರವಾರ ಮಾಂಸ ಮುಟ್ಟುವಂತಿಲ್ಲವಾದ್ದರಿಂದ ಊರೆಲ್ಲ ಚರ್ಚಿನ ಹಾಲಿನಲ್ಲಿ ಸೇರಿ, ತಟ್ಟೆಯಿಂದ ಬಾಲ ಹೊರಗೆ ಚಾಚುವಷ್ಟು ದೊಡ್ಡ ಕರಿದ ಮೀನು ತಿಂದು ಉಪವಾಸ ಮಾಡುತ್ತದೆ. ಆ ಶುಕ್ರವಾರ ಚೆಟ್ ಒಳಗೆ ಕಾಲಿಟ್ಟದ್ದೇ ತಡ, ಇನ್ನೂರು ಫೋರ್ಕುಗಳು ಒಮ್ಮೆಲೇ ನಿಂತವು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಡಿಸುತ್ತಿದ್ದ ಜೋಆನ್, ಊರಿನ ಸುದ್ದಿಯನ್ನೆಲ್ಲ ಮೀನಿನ ಜೊತೆ ಬಡಿಸುವ ಹೆಂಗಸು, ಅವನ ತಟ್ಟೆಗೆ ಎರಡು ಮೀನು ಹಾಕಿದಳು.

"ಒಂದು ಸಾಕು, ಜೋಆನ್."

"ತಿನ್ನಿ ಚೆಟ್. ಹಿಮದಲ್ಲಿ ಓಡಾಡಿ ಎಷ್ಟು ಸೊರಗಿದೀರ!" ಎಂದು ಬಗ್ಗಿ ಪಿಸುಗುಟ್ಟಿದಳು: "ನಮ್ಮದು ಜಗಲಿ ಅಲ್ಲ. ಅದೊಂದು... ದೊಡ್ಡ ಮೆಟ್ಟಿಲು."

ಚೆಟ್‌ಗೆ ತಲೆಬುಡ ತಿಳಿಯಲಿಲ್ಲ. ಆದರೆ ಎರಡನೆಯ ಮೀನು ಚೆನ್ನಾಗಿತ್ತು.

ಆಮೇಲಿನ ವಾರಗಳಲ್ಲಿ ನಡೆದದ್ದನ್ನು ಅವನು ದೇವರ ದಯೆಯೆಂದೇ ತಿಳಿದ. ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಹೊಗೆಯಾಡಿಸಿದ ಹಂದಿಮಾಂಸದ ಸಾಸೇಜು. ಸಂಜೆ ಬಂದರೆ ಸೇಬಿನ ಕಡುಬು. ನಾರ್ಬ್ ತನ್ನ ಜಗಲಿಗೆ ನೀಲಿ ತಾಡಪಾಲು ಹೊದಿಸಿ, ಕೇಳಿದವರಿಗೆ ಅದು ದೋಣಿಯೆಂದು ಹೇಳತೊಡಗಿದ. "ಇಪ್ಪತ್ತಡಿ ದೋಣಿ ಹಿತ್ತಲ ಬಾಗಿಲಿಗೆ ಯಾಕೆ ಅಂಟಿಕೊಂಡಿದೆ?" ಎಂದು ಕೇಳಿದ ಅಂಚೆಯವನಿಗೆ, "ಲಂಗರು ಹಾಕಿದೀನಿ," ಎಂದನಂತೆ.

ಆದರೆ ತಾಡಪಾಲು ಎಲ್ಲರ ಧೈರ್ಯವಲ್ಲ. ತಾವಾಗಿಯೇ ಹೋಗಿ ಒಪ್ಪಿಕೊಂಡರೆ ದಂಡ ಕಡಿಮೆಯೆಂದು ಯಾರೋ ಹೇಳಿದರು. ಒಬ್ಬೊಬ್ಬರಾಗಿ ಗ್ಯಾರಿ ಫೆನ್‌ನ ಕಿಟಕಿಯ ಮುಂದೆ ನಿಲ್ಲತೊಡಗಿದರು, ಪಾಪನಿವೇದನೆಗೆ ನಿಂತ ಮುಖ ಹೊತ್ತು. ಗ್ಯಾರಿ ಎಲ್ಲರಿಗೂ ಒಂದೇ ಮಾತು ಹೇಳಿದ: "ಅಳತೆ ಹಾಕಿದ ನಕ್ಷೆ ತನ್ನಿ." ನಕ್ಷೆ ಬರೆಯುವವರು ಯಾರು? ದುಡೆಕ್‌ನ ಮಗಳು ಶಾಲೆಯಲ್ಲಿ ಅದನ್ನೇ ಕಲಿಯುತ್ತಾಳಲ್ಲ! ಎಣಿಸುವವನ ಮಗಳ ಕೈಯಿಂದಲೇ ನಕ್ಷೆ ಬಂದರೆ ಅದಕ್ಕಿಂತ ಕ್ಷೇಮ ಇನ್ನೇನಿದೆ?

ಟೆಸ್ ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋದಳು. ಜಗಲಿಗಳ ಕೆಳಗೆ ತೆವಳಿ, ತಲೆಗೆ ಜೇಡರಬಲೆ ಮೆತ್ತಿಕೊಂಡು ಬಂದು, ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಬರೆದಳು. ಒಂದಕ್ಕೆ ಅರವತ್ತು ಡಾಲರು. ಮೇಜು ಕಾಣದಾಯಿತು, ಮನೆಮಂದಿ ಸೋಫಾದ ಮೇಲೆ ಊಟ ಮಾಡಿದರು. ಚೆಟ್ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಜೋಆನಳ ಆ ದೊಡ್ಡ ಮೆಟ್ಟಿಲನ್ನು ಅವನು ಇಪ್ಪತ್ತು ವರ್ಷದಿಂದ ಬಲ್ಲ. ಆದರೆ ಕಾಗದದ ಮೇಲೆ ಅದು, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ, ತನ್ನ ಎಲುಬುಗಳನ್ನೆಲ್ಲ ತೋರಿಸಿ ನಿಂತಿತ್ತು. ನೆಲದೊಳಗೆ ಕಂಬ ಎಷ್ಟು ಇಳಿದಿದೆ, ತೊಲೆಯ ಭಾರ ಎತ್ತ ಹರಿಯುತ್ತದೆ, ಎಲ್ಲ.

"ನೆಲದೊಳಗಿರೋದು ನಿನಗೆ ಹೇಗೆ ಕಾಣುತ್ತೆ?"

"ಕಾಣಲ್ಲ ಅಪ್ಪಾ. ಅಗೆದು ನೋಡ್ತೀನಿ, ಇಲ್ಲಾಂದ್ರೆ ಲೆಕ್ಕ ಹಾಕ್ತೀನಿ."

ತನ್ನ ಮಗಳು ಹಲ್ಲು ಬರುವ ಮುಂಚೆ ಪೆನ್ಸಿಲ್ ಕಚ್ಚುತ್ತಿದ್ದದ್ದು ಅವನಿಗೆ ನೆನಪಾಯಿತು. ಅವನು ಕ್ಲಿಪ್ಪಿನ ರಟ್ಟಿನ ಮೇಲೆ ದಪ್ಪವಾಗಿ ಬರೆದುಕೊಂಡ: *ಕೆಲಸ ಬೇಕಾದಷ್ಟಿದೆ.* ಸಹಿಗೆ ಪೆನ್ನು ಹುಡುಕುವುದೊಂದೇ ಬಾಕಿ.

ಪೆನ್ನಿಗೆ ಬದಲು ಗ್ಯಾರಿ ಫೆನ್‌ನ ಕರೆ ಬಂತು. ಶುಭ ಶುಕ್ರವಾರದ ಹಿಂದಿನ ದಿನ.

"ಕೂತ್ಕೊಳ್ಳಿ, ದುಡೆಕ್. ಒಂಬತ್ತು ವರ್ಷದಿಂದ ಈ ಕುರ್ಚಿಲಿದೀನಿ. ಒಂಬತ್ತು ವರ್ಷಕ್ಕೆ ಜಗಲಿ ಪರವಾನಗಿ ಕೇಳಿದೋರು ನಾಲ್ಕು ಜನ. ಕಳೆದ ಮೂರು ವಾರದಲ್ಲಿ ಮೂವತ್ತೊಂದು. ಎಲ್ಲರೂ ನಿಮ್ಮ ಹೆಸರು ಹೇಳ್ತಾರೆ. ಟೌನು ನಿಮಗೆ ಕೊಟ್ಟಿರೋ ಆ ಗುಟ್ಟಿನ ಕೆಲಸ ಯಾವುದು ಅಂತ ಟೌನಿಗೂ ತಿಳ್ಕೊಳ್ಳೋ ಆಸೆ."

ಚೆಟ್‌ನ ಬಾಯಿ ತೆರೆಯಿತು. ಎರಡು ಮೀನು, ಸಾಸೇಜು, ಕಡುಬು, ದೋಣಿ, ಎಲ್ಲವೂ ಒಂದರ ಹಿಂದೊಂದು ಅವನ ಕಣ್ಣ ಮುಂದೆ ಮೆರವಣಿಗೆ ಹೋದವು. ಅವನು ಮೊದಲಿನಿಂದ ಕೊನೆಯವರೆಗೆ ನಿಜ ಹೇಳಿದ. ಗ್ಯಾರಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ.

"ಅಂದ್ರೆ ಆ ಮೂವತ್ತೊಂದು ಕೆಲಸ..." ಚೆಟ್ ತೊದಲಿದ, "ಅದು ಕೆಲಸವೇ ಅಲ್ಲ. ನನ್ನ ಕೋಟಿಗೆ ಹೆದರಿದ್ದು."

"ಹಾಗೇ ಕಾಣುತ್ತೆ."

ಚೆಟ್ ಮನೆಗೆ ಬಂದ. ಸಾಲವೇನೋ ನಿಜ, ಗಳಿಕೆ ತನ್ನ ಕಿತ್ತಳೆ ಕೋಟು ಹುಟ್ಟಿಸಿದ ಭೂತ. ಅವನು ಆ ಮಾತನ್ನು ಎರಡು ದಿನ ನುಂಗಿ, ಈಸ್ಟರಿನ ಹಿಂದಿನ ಸಂಜೆ ಹೇಳಿದ.

"ಟೆಸ್, ಸಹಿ ಹಾಕೋಕೆ ಕೈ ಬರ್ತಿಲ್ಲ ಕಣೆ. ನಡುವಿನವನು ಸಿಗಲಿಲ್ಲ."

ಅವಳು ಅಳಲಿಲ್ಲ, ಕೂಗಲಿಲ್ಲ. ಮೇಜಿನ ಮೇಲಿನ ನಕ್ಷೆಗಳನ್ನು ಅಂಚು ಕೂಡಿಸಿ ಜೋಡಿಸಿದಳು. "ಸರಿ ಅಪ್ಪಾ," ಎಂದಳು. ಆಮೇಲೆ, "ಒಂದು ಮನೆ ಉಳಿದಿದೆ, ಅದನ್ನ ಮುಗಿಸಿಬಿಡ್ತೀನಿ."

"ಯಾರದು?"

"ನಮ್ಮದು."

ಇಪ್ಪತ್ತು ವರ್ಷದ ಹಿಂದೆ ಚೆಟ್ ತಾನೇ ಕಟ್ಟಿದ ಜಗಲಿ ಅದು. ಪರವಾನಗಿ? ಆ ಪ್ರಶ್ನೆ ಕೇಳಿ ಅವನನ್ನು ನೋಯಿಸುವುದು ಬೇಡ.

ಈಸ್ಟರಿನ ಮರುದಿನ ಸೋಮವಾರ, ದುಡೆಕ್‌ರಂತೆ ಪೋಲೆಂಡ್ ಮೂಲದವರ ಮನೆಗಳಲ್ಲೆಲ್ಲ ಹಬ್ಬ. ಹುಡುಗರು ಹುಡುಗಿಯರ ಮೇಲೆ ನೀರೆರಚುತ್ತಾರೆ, ಹುಡುಗಿಯರು ಮೃದು ಮೊಗ್ಗಿನ ಕಡ್ಡಿಯಲ್ಲಿ ಹುಡುಗರ ಕಾಲಿಗೆ ಹೊಡೆಯುತ್ತಾರೆ, ಹಿರಿಯರು ತಿನ್ನುತ್ತಾರೆ. ಪ್ರತಿ ವರ್ಷವೂ ಬೀದಿಯವರು ಸೇರುವುದು ಚೆಟ್‌ನ ಜಗಲಿಯ ಮೇಲೆಯೇ. ನಿಜ ಸಂಗತಿ ಅಷ್ಟರಲ್ಲಿ ಹೊರಬಿದ್ದಿದ್ದರಿಂದ ಈ ವರ್ಷ ಎಲ್ಲರೂ ಹಸಿವಿನ ಜೊತೆಗೆ ಸಿಟ್ಟನ್ನೂ ತಂದಿದ್ದರು.

"ತಾಡಪಾಲಿಗೆ ನಲವತ್ತೆಂಟು ಡಾಲರು ಕೊಡು," ಅಂದ ನಾರ್ಬ್, ಬಾಯಿತುಂಬ ಚೆಟ್‌ನದೇ ಸಾಸೇಜು ಇಟ್ಟುಕೊಂಡು.

"ದೋಣಿ ಮಾರಿ ತಗೋ," ಅಂದಳು ಡಾನಾ.

"ನನ್ನ ಎರಡನೇ ಮೀನು ವಾಪಸ್ ಕೊಡಿ!" ಎಂದು ಜೋಆನ್ ಕೂಗಿದಳು. ಜಗಲಿ ನಕ್ಕಿತು. ನಕ್ಕಾಗ ಎಲ್ಲೋ ಒಂದು ಹಲಗೆ ಕಿರ್ರೆಂದಿತು. ಪ್ರತಿ ವರ್ಷವೂ ಅನ್ನುತ್ತಿತ್ತು.

ಕಚೇರಿ ಮುಗಿಸಿ ಗ್ಯಾರಿ ಫೆನ್ ಕೂಡ ಬಂದ. ಡಾನಾ ಕರೆದಿದ್ದಳು. ಅವನು ಅಂಗಳದಲ್ಲಿ ಕಾಲಿಡುವುದಕ್ಕೂ ಜಗಲಿಯ ಕೆಳಗಿನಿಂದ ಟೆಸ್ ತೆವಳಿಕೊಂಡು ಹೊರಬರುವುದಕ್ಕೂ ಸರಿಹೋಯಿತು. ತಲೆಯಲ್ಲಿ ಜೇಡರಬಲೆ, ಕೈಯಲ್ಲಿ ನಕ್ಷೆ, ಮುಖ ಸುಣ್ಣದ ಹಾಗೆ.

"ಎಲ್ಲರೂ ಇಳೀರಿ," ಎಂದಳು.

ಯಾರೂ ಅಲುಗಲಿಲ್ಲ.

"ಇಳೀರಿ! ಈಗಲೇ! ತಟ್ಟೆ ಅಲ್ಲೇ ಬಿಡಿ!"

ಆ ದನಿ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಿಮದ ಲಾರಿಯ ಹಾರ್ನು ಇದ್ದ ಹಾಗೆ ಇತ್ತು. ನಾರ್ಬ್ ತಟ್ಟೆ ಸಮೇತ ಇಳಿದ, ಜೋಆನ್ ಇಳಿದಳು, ಹಿಂದೆ ಎಲ್ಲರೂ. ಒಬ್ಬರು ಉಳಿದರು. ಚೆಟ್‌ನ ಅತ್ತೆ ಐರೀನ್, ಎಂಬತ್ತಾರು ವರ್ಷ, ಕುರ್ಚಿಯ ಎರಡೂ ತೋಳು ಹಿಡಿದು ಕೂತಿದ್ದರು.

"ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದೀನಿ. ನನ್ನ ಕಡುಬು ಮುಗಿದಿಲ್ಲ."

"ಅತ್ತೆ, ದಮ್ಮಯ್ಯ, ಎದ್ದೇಳಿ."

"ಕಟ್ಟಿದೋನು ನೀನು. ನಿನಗೇ ನಂಬಿಕೆ ಇಲ್ವೇನೋ?"

ಚೆಟ್ ಕುರ್ಚಿಯನ್ನು ಅತ್ತೆಯ ಸಮೇತ, ಅತ್ತೆಯನ್ನು ಕಡುಬಿನ ಸಮೇತ, ಎತ್ತಿ ಹುಲ್ಲಿನ ಮೇಲೆ ತಂದಿಟ್ಟ.

ಎಲ್ಲರೂ ಜಗಲಿಯನ್ನು ನೋಡುತ್ತ ನಿಂತರು. ಜಗಲಿ ಎಲ್ಲರನ್ನೂ ನೋಡುತ್ತ ನಿಂತಿತು. ಒಂದು ನಿಮಿಷವಾಯಿತು. ಐದು ನಿಮಿಷವಾಯಿತು. ಏನೂ ಆಗಲಿಲ್ಲ.

"ಅಪ್ಪ ಕಂದಾಯ ಅಂತ ಹೆದರಿಸಿದ, ಮಗಳು ಭೂಕಂಪ ಅಂತ ಹೆದರಿಸ್ತಾಳೆ," ಅಂದ ನಾರ್ಬ್. ಜನ ನಗತೊಡಗಿದರು. ಟೆಸ್‌ಳ ಕಿವಿ ಕೆಂಪಾದವು.

ಗ್ಯಾರಿ ನಗಲಿಲ್ಲ. ಅವಳ ಕೈಯಿಂದ ನಕ್ಷೆ ತೆಗೆದುಕೊಂಡು, ಅಂಗಳದ ನಡುವೆ ನಿಂತು, ಓಲೆ ಓದುವ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದ. "ಮನೆ ಗೋಡೆಗೆ ಸೇರಿಸಿರೋ ಹಲಗೆಗೆ ಬೋಲ್ಟಿಲ್ಲ ಅಂತ ಬರೆದಿದೀಯ."

"ಬರೀ ಮೊಳೆ ಸರ್. ಹಿಂದಿನ ಮರ ಕೊಳೆತುಹೋಗಿದೆ. ಮಾಡಿನ ನೀರು ಇಷ್ಟು ವರ್ಷ ಅಲ್ಲೇ ಇಳಿದಿದೆ. ಆ ಕಡೆ ಅರ್ಧ ಜಗಲಿಗೆ ಆಧಾರ ಅದೊಂದೇ."

ಗ್ಯಾರಿ ಕೋಟು ಬಿಚ್ಚಿ, ಗೋಡೆಯ ಪಕ್ಕ ಮೊಣಕಾಲೂರಿ, ಕೈ ಚಾಚಿದ. ಸುತ್ತಿಗೆ ಇಲ್ಲ, ಇಕ್ಕಳ ಇಲ್ಲ. ಎರಡೇ ಬೆರಳಲ್ಲಿ, ಬೆಣ್ಣೆಯಿಂದ ಕೂದಲೆಳೆ ತೆಗೆಯುವಂತೆ, ಒಂದು ಮೊಳೆಯನ್ನು ಹೊರಗೆಳೆದ. ನಾಲ್ಕಂಗುಲದ ಮೊಳೆ, ತುಕ್ಕಿನಿಂದ ಸೂಜಿಯಷ್ಟು ಸವೆದಿತ್ತು. ಅದನ್ನು, ಅತ್ತೆ ಅಷ್ಟರಲ್ಲಿ ಖಾಲಿ ಮಾಡಿದ್ದ ತಟ್ಟೆಯಲ್ಲಿಟ್ಟ. ಟಿಣ್. ಇನ್ನೊಂದು. ಟಿಣ್. ಮತ್ತೊಂದು.

ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನೀರಿನ ಪಿಚಕಾರಿ ಹಿಡಿದಿದ್ದ ಮಕ್ಕಳು ಕೂಡ ಕೈ ಇಳಿಸಿದರು. ಏಳನೆಯ ಮೊಳೆ ತಟ್ಟೆಗೆ ಬಿದ್ದಾಗ ಗ್ಯಾರಿ ಚಂಗನೆ ಹಿಂದೆ ಸರಿದ. ಜಗಲಿ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಮುದಿ ಹಸು ಮಂಡಿಯೂರುವಂತೆ, ಗೋಡೆಯ ಕಡೆಗೆ ಕುಸಿದು ಕೂತಿತು. ಕಬ್ಬಿಣದ ಒಲೆ, ಮೇಜು, ಬಿಯರಿನ ಡಬ್ಬ, ನಾರ್ಬ್‌ನ ಟೋಪಿ, ಎಲ್ಲ ಉರುಳುರುಳಿ, ಅತ್ತೆಯ ಕುರ್ಚಿ ಇದ್ದ ಮೂಲೆಯಲ್ಲಿ ರಾಶಿಬಿದ್ದವು. ಅದರ ಮೇಲೊಂದು ಸಾಸೇಜು ಬಂದು ನಿಂತಿತು.

ನಾರ್ಬ್ ಶಿಲುಬೆಯ ಗುರುತು ಮಾಡಿಕೊಂಡ. ಒಬ್ಬೊಬ್ಬರಾಗಿ ಎಲ್ಲರ ತಲೆಗಳೂ ಜಗಲಿಯಿಂದ ಟೆಸ್‌ಳ ಕೈಯ ಕಾಗದಕ್ಕೆ ತಿರುಗಿದವು. ಕಾಗದದಲ್ಲಿ ಅದು ಮೊದಲೇ ಬಿದ್ದಿತ್ತು.

ಗ್ಯಾರಿ ಮೊಣಕಾಲಿನ ಮಣ್ಣು ಕೊಡವಿ ಚೆಟ್‌ನ ಪಕ್ಕ ಬಂದು ನಿಂತ. "ದುಡೆಕ್, ನಾನೂ ಅದೇ ಕಾಲೇಜಲ್ಲಿ ಅದೇ ಡಿಗ್ರಿ ಓದಿದೋನು. ಸಾಲ ಮಾಡೇ ಓದಿದೆ, ಹತ್ತು ವರ್ಷಕ್ಕೆ ತೀರಿಸಿದೆ. ಅವಳ ವಯಸ್ಸಲ್ಲಿ ಇಂಥ ನಕ್ಷೆ ನನ್ನ ಕೈಲಿ ಆಗ್ತಿರಲಿಲ್ಲ." ಆಮೇಲೆ ಅತ್ತಿತ್ತ ನೋಡಿ, ಚೆಟ್‌ನ ಕಿವಿಯ ಹತ್ತಿರ ಬಾಯಿ ತಂದು, ಆ ಊರಿನಲ್ಲಿ ಹೆತ್ತ ತಾಯಿಗೂ ಯಾರೂ ಹೇಳದ ಅಂಕಿಯನ್ನು ಉಸುರಿದ.

ಆರು ವಾರದಿಂದ ಹುಡುಕುತ್ತಿದ್ದ ನಡುವಿನವನು ಮಗ್ಗುಲಲ್ಲೇ ನಿಂತು ತಾನೇ ತಾನಾಗಿ ಹೇಳುತ್ತಿದ್ದಾನೆ. ಚೆಟ್‌ನ ಕಿವಿಗೆ ಅದು ಬೀಳಲಿಲ್ಲ. ಅವನ ತುಟಿ ಅಲುಗುತ್ತಿತ್ತು. ಜಗಲಿಯಿಂದ ಇಳಿದು ಅಂಗಳದಲ್ಲಿ ನಿಂತವರ ಮೇಲೆ ಅವನ ಬೆರಳು ಒಬ್ಬರಿಂದೊಬ್ಬರಿಗೆ ಸಾಗುತ್ತಿತ್ತು: ಡಾನಾ, ನಾರ್ಬ್, ಜೋಆನ್, ಪಿಚಕಾರಿಯ ಮಕ್ಕಳು...

"ಇಪ್ಪತ್ತಮೂರು," ಅಂದ.

"ಇಪ್ಪತ್ತಮೂರು ಸಾವಿರವಾ?" ಗ್ಯಾರಿಗೆ ಅವಮಾನವಾಯಿತು. "ರೀ, ನಿಮ್ಮ ಕಿವಿಗೇನಾಗಿದೆ? ನಾನು ಹೇಳಿದ್ದು—"

"ಸಂಬಳ ಬೇಡ, ಗ್ಯಾರಿ. ಸ್ವಲ್ಪ ಬಗ್ಗಿ."

ಬರೆಯಲು ಮೇಜಿರಲಿಲ್ಲ, ಮೇಜು ಸಾಸೇಜಿನ ಕೆಳಗಿತ್ತು. ಇನ್‌ಸ್ಪೆಕ್ಟರು ಏಕೆಂದು ಕೇಳದೆ ಬಗ್ಗಿದ. ಚೆಟ್ ಒಳಗೋಡಿ ತಗಡಿನ ಹುಂಜದ ಕಾಲಡಿಯಿಂದ ಸಾಲದ ಕಾಗದ ಕಿತ್ತು ತಂದು, ಆ ಅಗಲವಾದ ಬೆನ್ನ ಮೇಲೆ ಹರಡಿದ. ನಲವತ್ತೊಂದು ಸಾವಿರದ ಆರುನೂರು ಎಂದಿದ್ದ ಕಡೆ, ಅದರ ಎದುರಿಗೆ, ತನ್ನ ಎಣಿಕೆಯ ಹಳೇ ಅಭ್ಯಾಸದಂತೆ, ಬರೆದ: 23.

ಹಿಂದಿನಿಂದ ಕಡುಬಿನ ವಾಸನೆ ಬಂತು. ಅತ್ತೆ ಕೋಲೂರಿಕೊಂಡು ಬಂದು, ಅಳಿಯನ ಭುಜದ ಮೇಲಿಂದ ಇಣುಕುತ್ತಿದ್ದರು.

"ಇಪ್ಪತ್ನಾಲ್ಕು," ಎಂದರು. "ಕೊನೇಗೆ ಇಳಿದೋಳನ್ನೇ ಬಿಟ್ಟಿದೀಯ."

ಚೆಟ್ ಮೂರನ್ನು ನಾಲ್ಕಾಗಿ ತಿದ್ದಿದ. ಆಮೇಲೆ ಸಹಿ ಹಾಕಿದ.